ಕರೆಂಟ್ ಹೋದರೆ ಎದ್ದು ಕೂರುವವರು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ವಯಸ್ಸು 60, ಮಲೆನಾಡಿನ ಕಡೆಯವರು. ಲೈನ್‌ಮನ್ ಕೆಲಸದಿಂದ ನಿವೃತ್ತರಾಗಿ ನಾಲ್ಕು ತಿಂಗಳು. ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಕರೆದುಕೊಂಡು ಬಂದಿದ್ದು ಹೆಂಡತಿ. "ರಾತ್ರಿ ಕರೆಂಟ್ ಹೋದ್ರೆ ಸಾಕು ಮೇಡಂ, ಎದ್ದು ಟಾರ್ಚ್ ಹುಡುಕ್ತಾರೆ. ಆಮೇಲೆ ಬೆಳಗಿನ ತನಕ ಜಗಲಿ ಮೇಲೆ ಕೂತಿರ್ತಾರೆ" ಅಂದರು. ಅವರು ತಲೆ ಎತ್ತಲಿಲ್ಲ. ಕಟಿಂಗ್ ಪ್ಲೇಯರ್ ಹಿಡಿದು ಹಿಡಿದು ದಡ್ಡುಗಟ್ಟಿದ್ದ ಅಂಗೈಯನ್ನೇ ಉಜ್ಜುತ್ತಾ ಕೂತಿದ್ದರು.

ಆಮೇಲೆ ಅವರೇ ಬಾಯಿಬಿಟ್ಟರು: "ಮಳೆಗಾಲದಲ್ಲಿ ಫೋನ್ ಕೆಳಗಿಡಕ್ಕೆ ಆಗ್ತಿರ್ಲಿಲ್ಲ. ಬೈಯಕ್ಕಾದ್ರೂ ಮಾಡೋರು. ಈಗ ಎಲ್ಲ ಹೊಸ ಹುಡುಗನಿಗೇ." ಊರಲ್ಲಿ ಅರ್ಧ ಜನಕ್ಕೆ ಇವರ ಹೆಸರೇ ಗೊತ್ತಿಲ್ಲವಂತೆ, ಲೈನ್‌ಮನ್ ಅಂದರೆ ಇವರೇ.

ಹಾಳೆ ಕೊಟ್ಟು, 'ನಾನು ಯಾರು?' ಅನ್ನುವುದಕ್ಕೆ 20 ಉತ್ತರ ಬರೆಯಿರಿ ಅಂದೆ. ಇದು ನನ್ನ ಉಪಾಯವೇನಲ್ಲ, 1954ರಲ್ಲಿ ಅಮೆರಿಕದ ಕುನ್ ಮತ್ತು ಮೆಕ್‌ಪಾರ್ಟ್‌ಲ್ಯಾಂಡ್ ಪರಿಚಯಿಸಿದ ಪರೀಕ್ಷೆ. ಇವರು ಆರಕ್ಕೇ ನಿಂತರು. ಆರೂ ಕೆಲಸದ್ದೇ. 'ಎಲ್‌ಸಿ ತಗೊಳ್ಳದೆ ಕಂಬ ಹತ್ತಿದವನಲ್ಲ' ಅಂತ ಒಂದು (ಎಲ್‌ಸಿ ಅಂದರೆ ಲೈನ್ ಕ್ಲಿಯರ್, ಲೈನಿನಲ್ಲಿ ಕರೆಂಟ್ ನಿಲ್ಲಿಸಿದ್ದೇವೆ ಅನ್ನುವ ಖಾತ್ರಿ). ಹೆಂಡತಿ ಬಗ್ಗಿ ನೋಡಿ, "ಮಕ್ಕಳ ಅಪ್ಪ ಅಂತನೂ ಬರೀಲಿಲ್ವಲ್ಲ" ಅಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ 'ನಾನು' ಅನ್ನುವುದನ್ನು ಬಿಡಿಸಿ ಇಟ್ಟಿದ್ದ: ನನ್ನ ಮೈ, ಮನೆ, ಸಾಮಾನು ಒಂದು; ನಾಲ್ಕು ಜನ ಗುರುತಿಸುವ ನಾನು ಇನ್ನೊಂದು; ಒಳಗೇ ಯೋಚಿಸುವ, ಬೇಕು ಬೇಡ ಅನ್ನುವ ನಾನು ಮತ್ತೊಂದು. ಇವರಲ್ಲಿ ನಡುವಿನದೊಂದೇ ಉಳಿದವನ್ನೆಲ್ಲ ನುಂಗಿ ಬೆಳೆದಿತ್ತು.

ನೆಂಟರೆಲ್ಲ "ಕೆಲಸ ಮರೆತುಬಿಡಿ, ಯಾತ್ರೆ ಹೋಗಿ" ಅಂದಿದ್ದರಂತೆ. ನನಗೆ ಅದು ಒಪ್ಪಿಗೆ ಇಲ್ಲ. ಅಷ್ಟು ವರ್ಷ ಕಂಬ ಹತ್ತಿದ್ದನ್ನು ಯಾಕೆ ಮರೀಬೇಕು? ಆ ಆರು ಸಾಲು ಹಾಗೇ ಇರಲಿ, ವಾರಕ್ಕೊಂದು ಸಾಲು ಸೇರಿಸಿ ಅಂದೆ. ಆದರೆ ಆ ವಾರ ನಿಜವಾಗಿ ಮಾಡಿದ್ದನ್ನು ಮಾತ್ರ ಬರೀಬೇಕು, ಹೆಂಡತಿ ಹೇಳಿಕೊಡೋ ಹಾಗಿಲ್ಲ. ಹಿಂದೆ ಭಜನೆಯಲ್ಲಿ ತಬಲಾ ಬಾರಿಸುತ್ತಿದ್ದರಂತೆ, ಯಾವಾಗ ಕರೆ ಬರುತ್ತೋ ಅಂತ ಬಿಟ್ಟಿದ್ದರು. ಮತ್ತೆ ಹೋಗಿ ಅಂದೆ. ಹೊಸ ಹುಡುಗ ಕೇಳಿದರೆ ಹೇಳಿಕೊಡಿ, ಲೈನ್ ಮಾತ್ರ ಮುಟ್ಟಬೇಡಿ. ಕರೆಂಟ್ ಇರುವ ರಾತ್ರಿಯೂ ನಿದ್ದೆ ಬರದೆ, ಊಟ ಸೇರದೆ ಎರಡು ವಾರ ಆದರೆ ಮನೋವೈದ್ಯರನ್ನು ನೋಡಲೇಬೇಕು ಅಂತಲೂ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಟ್ಟೆ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಒಂದು ತಿಂಗಳ ಮೇಲೆ ಬಂದರು. ಹಾಳೆಯಲ್ಲಿ ಒಂಬತ್ತು ಸಾಲು. ಎಂಟನೆಯದು 'ತಬಲಾದಲ್ಲಿ ತಾಳ ತಪ್ಪುವವನು'. ಕರೆಂಟ್ ಹೋದಾಗ ಈಗಲೂ ಏಳುತ್ತಾರಂತೆ. ಮಕ್ಕಳ ಅಪ್ಪ ಅನ್ನೋದು ಇನ್ನೂ ಬಂದಿರಲಿಲ್ಲ, ನಾನೂ ಕೇಳಲಿಲ್ಲ.