ಕುತ್ತಿಗೆ ನೋವು, ಕಣ್ಣು ಮಂಜು, ಕಾಲು ಬಾವು: ಮೂರಕ್ಕೂ ಹೊಸ ಕಂಪ್ಯೂಟರೇ ಕಾರಣವೇ?

ಸರ್, ಓದುವ ಬೇರೆಯವರಿಗೂ ಅನುಕೂಲವಾಗಲೆಂದು ನಿಮ್ಮ ಪ್ರಶ್ನೆಯನ್ನು ಮೊದಲು ಚಿಕ್ಕದಾಗಿ ಬರೆಯುತ್ತೇನೆ. ನೀವು ರಾಯಚೂರಿನವರು, ನಿವೃತ್ತರಾಗಿ ಎಂಟು ತಿಂಗಳಾಗಿದೆ. ಮಗಳು ಹೊಸ ಡೆಸ್ಕ್‌ಟಾಪ್ ಕೊಡಿಸಿದ್ದಾರೆ, ದಿನಕ್ಕೆ ನಾಲ್ಕು ತಾಸು ಅದರ ಮುಂದೆ ಕೂಡುತ್ತೀರಿ. ಬಿ.ಪಿ.ಗೆ ಆಮ್ಲೊಡಿಪಿನ್ ಗುಳಿಗೆ ನಡೆದಿದೆ. ಶುಗರಿನ ಗುಳಿಗೆಯನ್ನು ಹೋದ ತಿಂಗಳಷ್ಟೇ ಬದಲಿಸಿದ್ದಾರೆ. ಈಗ ಕುತ್ತಿಗೆ ನೋವು, ಕಣ್ಣು ಮಂಜು, ಸಂಜೆಯಾದರೆ ಎರಡೂ ಪಾದ ಬಾವು. ಸಿ.ಪಿ.ಯು. ಡಬ್ಬಿ ಮುಟ್ಟಿದರೆ ಜುಮ್ ಎನ್ನುತ್ತದೆ. ಒಮ್ಮೆ ಪರದೆ ತುಂಬ ಕೆಂಪು ಎಚ್ಚರಿಕೆ ಬಂದು ಎದೆ ಹೊಡೆದುಕೊಂಡಿತು. "ಈ ಯಂತ್ರ ನನ್ನ ಮೈಗೆ ಆಗಿಬರುತ್ತಿಲ್ಲ, ಬಿಟ್ಟುಬಿಡಲೇ? ಬಿಡದಿದ್ದರೆ ಬಿ.ಪಿ. ಲೆಕ್ಕವನ್ನು ಅದರಲ್ಲೇ ಇಡುವುದು ಹೇಗೆ?" ಎಂದು ಕೇಳಿದ್ದೀರಿ.

ಬಿಡಬೇಡಿ. ನೀವು ಹೇಳಿದ ಮೂರು ತೊಂದರೆಗಳಿಗೆ ಮೂರು ಬೇರೆ ಬೇರೆ ಕಾರಣಗಳಿರುವ ಸಂಭವವೇ ಹೆಚ್ಚು. ಎಲ್ಲವನ್ನೂ ಕಂಪ್ಯೂಟರಿನ ತಲೆಗೆ ಕಟ್ಟಿದರೆ ಡಾಕ್ಟರಿಗೆ ಹೇಳಬೇಕಾದ ಮಾತು ಹೇಳದೆ ಉಳಿದುಹೋಗುತ್ತದೆ, ನನಗೆ ಅದೇ ಚಿಂತೆ.

ಕುತ್ತಿಗೆಯ ವಿಷಯದಲ್ಲಿ ನನ್ನ ಅನುಮಾನವೆಲ್ಲ ನಿಮ್ಮ ಬೈಫೋಕಲ್ ಚಷ್ಮಾದ ಮೇಲೆ. ಅದರ ಮೇಲ್ಭಾಗ ದೂರಕ್ಕೆ, ಕೆಳಗಿನ ತುಣುಕು ಕೈಯಲ್ಲಿ ಹಿಡಿದ ಪೇಪರಿಗೆ, ಅಂದರೆ ಸುಮಾರು 40 ಸೆಂ.ಮೀ.ಗೆ. ಕಂಪ್ಯೂಟರ್ ಪರದೆ ಇರುವುದು 60 ಸೆಂ.ಮೀ. ಆಚೆ, ಅದೂ ಕಣ್ಣಿನ ನೇರಕ್ಕೆ. ಮೇಲಿನ ಗಾಜಿನಲ್ಲಿ ಅಕ್ಷರ ಮಸುಕು. ಕೆಳಗಿನ ತುಣುಕಿನಲ್ಲಿ ನೋಡಬೇಕೆಂದರೆ ಗದ್ದ ಎತ್ತಿ, ತಲೆ ಹಿಂದಕ್ಕೆ ವಾಲಿಸಿ, ಮುಖವನ್ನು ಮುಂದೆ ಚಾಚಬೇಕು. ಇದನ್ನು ನಾವು ಗೊತ್ತಿಲ್ಲದೆಯೇ ಮಾಡುತ್ತೇವೆ. ನೀವು ಟೈಪ್ ಮಾಡುತ್ತಿರುವಾಗ ಪಕ್ಕದಲ್ಲಿ ನಿಂತು ನೋಡಲು ಮನೆಯವರಿಗೆ ಹೇಳಿ. ಗದ್ದ ಮೇಲಕ್ಕೆದ್ದು, ಕತ್ತಿನ ಹಿಂದೆ ಚರ್ಮ ಮಡಿಕೆ ಬಿದ್ದಿದ್ದರೆ ನೋವಿನ ಮೂಲ ಸಿಕ್ಕಂತೆಯೇ.

ಇವತ್ತೇ ಮಾಡಬಹುದಾದದ್ದು ಮಾನಿಟರ್ ಇಳಿಸುವುದು. ಕಂಪ್ಯೂಟರ್ ಮೇಜುಗಳಲ್ಲಿ ಮಾನಿಟರಿಗೆಂದು ಮೇಲೊಂದು ಹಲಗೆ ಇರುತ್ತದೆ, ಬೈಫೋಕಲ್ ಹಾಕುವವರಿಗೆ ಆ ಎತ್ತರ ಹೆಚ್ಚಾಗುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ನಾಲ್ಕು ಬೆರಳಾದರೂ ಕೆಳಗಿರಲಿ, ಪರದೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ. ಅಕ್ಷರ ದೊಡ್ಡದು ಮಾಡಿ: ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಟೆಕ್ಸ್ಟ್ ಸೈಜ್ ತೆರೆದು 150ರವರೆಗೆ ಎಳೆದು ಅಪ್ಲೈ ಒತ್ತಿ. ಬ್ರೌಸರಿನಲ್ಲಿ ಕಂಟ್ರೋಲ್ ಕೀ ಹಿಡಿದು ಪ್ಲಸ್ ಒತ್ತಿದರೂ ಪುಟ ಹಿಗ್ಗುತ್ತದೆ. ಕಾಯಂ ಪರಿಹಾರವೆಂದರೆ ಕಂಪ್ಯೂಟರಿಗೇ ಒಂದು ಬೇರೆ ಚಷ್ಮಾ. ಅದು ಒಂದೇ ಪವರಿನದಾಗಿರಲಿ, ಬೈಫೋಕಲ್ ಬೇಡ. ಮೂಗಿನ ಮೇಲ್ತುದಿಯಿಂದ ಪರದೆಯವರೆಗೆ ಟೇಪ್ ಹಿಡಿದು ಅಳೆದು ಆ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಕಣ್ಣು ಪರೀಕ್ಷಿಸುವವರಿಗೆ ಕೊಡಿ. "ಓದುವ ಚಷ್ಮಾ ಕೊಡಿ" ಎಂದರೆ 40 ಸೆಂ.ಮೀ.ನದೇ ಕೊಡುತ್ತಾರೆ. 60 ಸೆಂ.ಮೀ.ಗೆ ಅದಕ್ಕಿಂತ ಕಡಿಮೆ ಪವರ್ ಬೇಕು.

ಅಲ್ಲಿಯವರೆಗೆ ಕುತ್ತಿಗೆ ನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ಡೈಕ್ಲೊಫೆನಾಕ್, ಐಬುಪ್ರೊಫೇನ್ ನುಂಗಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಈ ಜಾತಿಯ ನೋವಿನ ಗುಳಿಗೆಗಳು ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತವೆ. ಬಿ.ಪಿ. ಏರುತ್ತದೆ, ಕಾಲು ಬಾವು ಹೆಚ್ಚುತ್ತದೆ, ಶುಗರ್ ಇರುವವರ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಬಿಸಿನೀರಿನ ಚೀಲದ ಶಾಖ ಕೊಡಿ. ನೋವು ತೋಳಿಗೆ ಇಳಿದರೆ, ಬೆರಳು ಜೋಮು ಹಿಡಿದರೆ, ಹಿಡಿದ ವಸ್ತು ಜಾರತೊಡಗಿದರೆ ಡಾಕ್ಟರಿಗೆ ತೋರಿಸಲೇಬೇಕು.

ಈಗ ಕಣ್ಣು. ಹೊಸ ಚಷ್ಮಾ ಮಾಡಿಸಿ ಎಂದೆ, ಆದರೆ ಈ ವಾರವೇ ಬೇಡ. ಶುಗರಿನ ಗುಳಿಗೆ ಬದಲಾಗಿ ಒಂದೇ ತಿಂಗಳಾಗಿದೆಯಲ್ಲ, ನಿಮ್ಮ ಮಂಜಿಗೆ ಅದೇ ಕಾರಣವಿರಬಹುದು. ರಕ್ತದ ಸಕ್ಕರೆ ಏರಿಳಿದಾಗ ಕಣ್ಣಿನ ಒಳಗಿನ ಲೆನ್ಸ್ ನೀರು ಹೀರಿ ಉಬ್ಬುತ್ತದೆ, ಮತ್ತೆ ಇಳಿಯುತ್ತದೆ. ಅದರ ಜೊತೆಗೆ ಪವರೂ ಬದಲಾಗುತ್ತದೆ. ಈಗ ಅಳೆಸಿದ ನಂಬರು ಎರಡು ತಿಂಗಳಿಗೆ ಸುಳ್ಳಾಗಿ ದುಡ್ಡು ದಂಡವಾಗುತ್ತದೆ. ಶುಗರ್ ಒಂದು ಮಟ್ಟಕ್ಕೆ ನಿಂತು ಆರು ವಾರವಾದರೂ ಕಳೆಯಲಿ. ಆದರೆ ಕಣ್ಣಿನ ಪಾಪೆ ಹಿಗ್ಗಿಸುವ ಹನಿ ಹಾಕಿ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪದರ, ನೋಡುವ ಪರೀಕ್ಷೆಗೆ ಕಾಯಬೇಕಿಲ್ಲ. ಶುಗರ್ ಇದ್ದವರು ಅದನ್ನು ವರ್ಷಕ್ಕೊಮ್ಮೆ ಮಾಡಿಸಲೇಬೇಕು, ಏಕೆಂದರೆ ರೆಟಿನಾ ಹಾಳಾಗುವುದು ಮೊದಮೊದಲು ನಮಗೆ ತಿಳಿಯುವುದೇ ಇಲ್ಲ. ರಾಯಚೂರಿನ ರಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವಿದೆ. ಹನಿ ಹಾಕಿದ ಮೇಲೆ ನಾಲ್ಕೈದು ತಾಸು ಎಲ್ಲವೂ ಮಸುಕಾಗಿ ಕಾಣುತ್ತದೆ, ಸ್ಕೂಟರ್ ತೆಗೆದುಕೊಂಡು ಹೋಗಬೇಡಿ, ಜೊತೆಗೆ ಯಾರಾದರೂ ಇರಲಿ. ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳ ಮಳೆ, ಮಿಂಚು, ಅಥವಾ ಒಂದು ಕಡೆಯಿಂದ ಪರದೆ ಎಳೆದಂತೆ ಕಂಡರೆ ಅದೇ ದಿನ ಹೋಗಬೇಕು.

ಕಂಪ್ಯೂಟರಿನ ಪಾಲು ಇದರಲ್ಲಿ ಕಣ್ಣುರಿ ಮಾತ್ರ. ಪರದೆ ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳಲ್ಲಿ ಕೂಲರ್ ಗಾಳಿ ನೇರ ಮುಖಕ್ಕೆ ಬೀಸುತ್ತಿದ್ದರಂತೂ ಇನ್ನೂ ಬೇಗ. ಕೂಲರನ್ನು ಬೆನ್ನ ಹಿಂದೆ ಅಥವಾ ಪಕ್ಕಕ್ಕೆ ತಿರುಗಿಸಿ. ಇಪ್ಪತ್ತು ನಿಮಿಷಕ್ಕೊಮ್ಮೆ ಕಿಟಕಿಯಾಚೆ ದೂರದ ಗಿಡವನ್ನೋ ನೀರಿನ ಟ್ಯಾಂಕನ್ನೋ ಇಪ್ಪತ್ತು ಸೆಕೆಂಡು ನೋಡಿ.

ಪಾದದ ಬಾವಿಗೆ ನಾನು ಮೊದಲು ಬೆರಳು ತೋರಿಸುವುದು ಆಮ್ಲೊಡಿಪಿನ್ ಕಡೆಗೆ. ಈ ಗುಳಿಗೆಯಿಂದ ಕೆಲವರಿಗೆ ಕಾಲ್ಗಿಣ್ಣಿನ ಸುತ್ತ ನೀರು ತುಂಬುತ್ತದೆ. ಡೋಸ್ ಹೆಚ್ಚಿದಂತೆ ಬಾವೂ ಹೆಚ್ಚು. ಅದರ ಮೇಲೆ ಕಾಲು ಜೋತು ಬಿಟ್ಟು ನಾಲ್ಕು ತಾಸು ಕೂತರೆ ಸಂಜೆಗೆ ಚಪ್ಪಲಿ ಬಿಗಿಯಾಗುವುದು ಸಹಜ. ಹಾಗೆಂದು ಗುಳಿಗೆ ನಿಲ್ಲಿಸಬೇಡಿ. "ಸಂಜೆ ಎರಡೂ ಕಾಲು ಬಾಯುತ್ತವೆ" ಎಂದು ಡಾಕ್ಟರಿಗೆ ಹೇಳಿ. ಡೋಸ್ ತಗ್ಗಿಸುವುದೋ, ಬೇರೆ ಗುಳಿಗೆ ಕೊಡುವುದೋ, ಕಿಡ್ನಿ ಮತ್ತು ಹೃದಯದ ಪರೀಕ್ಷೆ ಮಾಡಿಸುವುದೋ ಅವರು ನಿರ್ಧರಿಸಲಿ. ಎರಡು ಸಂದರ್ಭದಲ್ಲಿ ಮಾತ್ರ ತಡ ಮಾಡಬಾರದು: ಒಂದೇ ಕಾಲು ಬಾತು ಮೀನಖಂಡ ನೋಯುತ್ತಿದ್ದರೆ, ಅಥವಾ ಬಾವಿನ ಜೊತೆ ಮಲಗಿದಾಗ ಉಸಿರು ಕಟ್ಟುತ್ತಿದ್ದರೆ. ಕೂಡುವಾಗ ಪಾದ ಪೂರ್ತಿ ನೆಲಕ್ಕೆ ತಾಗಲಿ, ತಾಗದಿದ್ದರೆ ಕೆಳಗೊಂದು ಮಣೆ ಇಡಿ. ಅರ್ಧ ತಾಸಿಗೊಮ್ಮೆ ಎದ್ದು ಪಡಸಾಲೆಯಲ್ಲಿ ಎರಡು ಸುತ್ತು ಹಾಕಿ.

ಜುಮ್ ಎನ್ನುವುದನ್ನು ಹಗುರವಾಗಿ ನೋಡಬೇಡಿ. ಕಂಪ್ಯೂಟರಿನ ಪವರ್ ಸಪ್ಲೈ ಒಳಗಿಂದ ಚೂರು ವಿದ್ಯುತ್ ಡಬ್ಬಿಯ ತಗಡಿಗೆ ಸೋರುವುದು ಅದರ ರಚನೆಯಲ್ಲೇ ಇದೆ. ಪ್ಲಗ್ಗಿನ ದಪ್ಪ ಮೂರನೇ ಪಿನ್ನಿನ ಮೂಲಕ ಅದು ನೆಲಕ್ಕೆ ಹೋಗಬೇಕು. ಮನೆಯ ಅರ್ಥಿಂಗ್ ಸತ್ತಿದ್ದರೆ, ಅಥವಾ ಎರಡು ಪಿನ್ನಿನ ಅಡಾಪ್ಟರ್ ಹಾಕಿದ್ದರೆ, ನಿಮ್ಮ ಮೈಯ ಮೂಲಕ ಹೋಗುತ್ತದೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗುವುದು ನಮ್ಮ ಊರುಗಳಲ್ಲಿ ಮಾಮೂಲು. ಹಳೆಯ ಉಪ್ಪು-ಇದ್ದಿಲಿನ ಗುಂಡಿಯಾದರೆ ಒಂದೆರಡು ಕೊಡ ನೀರು ಸುರಿಸಿ. ಆಮೇಲೆ ಎಲೆಕ್ಟ್ರಿಷಿಯನ್ ಕರೆದು ಅರ್ಥಿಂಗ್ ಸರಿಯಿದೆಯೇ ಎಂದು ಅಳೆಸಿ. ಅಲ್ಲಿಯವರೆಗೆ ಬರಿಗಾಲು ಡಬ್ಬಿಗೆ ತಾಗದಂತೆ ನೋಡಿಕೊಳ್ಳಿ. ಶುಗರಿನಿಂದ ಪಾದದ ಸ್ಪರ್ಶ ಮಂಕಾದವರಿಗೆ ಈ ಜುಮ್ಮೂ ತಿಳಿಯುವುದಿಲ್ಲ. ನಿಮಗೆ ತಿಳಿದದ್ದು ಒಳ್ಳೆಯದೇ ಆಯಿತು.

ಇನ್ನು ಬಿ.ಪಿ. ಲೆಕ್ಕ. ಬರೆದಿಡುವುದು ಸುಲಭ, ಸರಿಯಾಗಿ ಅಳೆಯುವುದೇ ಕಷ್ಟ. ಮಣಿಕಟ್ಟಿನದಕ್ಕಿಂತ ತೋಳಿಗೆ ಕಟ್ಟುವ ಯಂತ್ರ ನಂಬಲರ್ಹ. ತೋಳಿನ ನಡುಭಾಗವನ್ನು ದರ್ಜಿಯ ಟೇಪಿನಿಂದ ಅಳೆಯಿರಿ. ಸಾಮಾನ್ಯ ಪಟ್ಟಿ 22ರಿಂದ 32 ಸೆಂ.ಮೀ.ವರೆಗಿನ ತೋಳಿಗೆ. ನಿಮ್ಮದು ಅದಕ್ಕಿಂತ ದಪ್ಪವಿದ್ದು ಅದೇ ಪಟ್ಟಿ ಕಟ್ಟಿದರೆ ಬಿ.ಪಿ. ಇಲ್ಲದಷ್ಟು ಹೆಚ್ಚು ತೋರಿಸುತ್ತದೆ. ಅಳೆಯುವ ಅರ್ಧ ತಾಸು ಮುಂಚೆ ಚಹಾ, ಬೀಡಿ-ಸಿಗರೇಟು, ನಡಿಗೆ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಕಾಲ ಮೇಲೆ ಕಾಲು ಹಾಕದೆ, ಐದು ನಿಮಿಷ ಸುಮ್ಮನೆ ಕೂಡಿ. ಪಟ್ಟಿ ಬರಿ ತೋಳಿನ ಮೇಲೆ, ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ. ಕೈಯನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಡಿ. ಮಾತು ಬೇಡ, ಪರದೆ ನೋಡುವುದೂ ಬೇಡ. ಒಂದು ನಿಮಿಷ ಬಿಟ್ಟು ಎರಡನೇ ಸಲ ಅಳೆಯಿರಿ. ಬೆಳಿಗ್ಗೆ ಗುಳಿಗೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ, ಹೀಗೆ ಏಳು ದಿನ. ಒಟ್ಟು 28 ಸಾಲು. ಮೊದಲ ದಿನದ ನಾಲ್ಕು ಸಾಲು ಲೆಕ್ಕಕ್ಕೆ ಹಿಡಿಯಬೇಡಿ, ಆ ದಿನ ಗಾಬರಿಯಿಂದ ಹೆಚ್ಚು ಬರುತ್ತದೆ. ಉಳಿದ 24ರ ಸರಾಸರಿ ಡಾಕ್ಟರಿಗೆ ಬೇಕಾದದ್ದು. ಮನೆಯಲ್ಲಿ ಅಳೆದ ಸರಾಸರಿ 135/85 ಮುಟ್ಟಿದರೆ ಹೆಚ್ಚು ಎಂದೇ ಲೆಕ್ಕ. ನಿಮ್ಮ ಗುರಿ ಎಷ್ಟಿರಬೇಕೆಂದು ಡಾಕ್ಟರೇ ಹೇಳಬೇಕು.

ಎಕ್ಸೆಲ್ ಅಥವಾ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್ ತೆರೆದು ಆರು ಕಾಲಂ ಮಾಡಿ: ದಿನಾಂಕ, ವೇಳೆ, ಮೇಲಿನದು, ಕೆಳಗಿನದು, ನಾಡಿ, ಷರಾ. ಎಲ್ಲರೂ ಮಾಡುವ ಮೊದಲ ತಪ್ಪು 128/82 ಎಂದು ಹಾಳೆಯ ಒಂದೇ ಮನೆಯಲ್ಲಿ, ಅಂದರೆ ಒಂದೇ ಚೌಕದಲ್ಲಿ, ಬರೆಯುವುದು. ಅದು ಅಂಕಿಯಲ್ಲ, ಬರಿ ಅಕ್ಷರವೆಂದು ಯಂತ್ರ ತಿಳಿಯುತ್ತದೆ, ಸರಾಸರಿ ತೆಗೆಯಲು ಬರುವುದಿಲ್ಲ. ಎರಡನೆಯದು ದಿನಾಂಕ. ಹೊಸ ಕಂಪ್ಯೂಟರುಗಳು ಎಷ್ಟೋ ಸಲ ಅಮೆರಿಕದ ಪದ್ಧತಿಯಲ್ಲಿ, ತಿಂಗಳು ಮೊದಲು ದಿನ ಆಮೇಲೆ, ಎಂದಿರುತ್ತವೆ. ನೀವು ಜೂನ್ 5 ಎಂದು 5/6 ಹಾಕಿದರೆ ಅದು ಮೇ 6 ಎಂದು ಓದುತ್ತದೆ. 13/6 ಹಾಕಿದರೆ ಹದಿಮೂರನೇ ತಿಂಗಳಿಲ್ಲವಾದ್ದರಿಂದ ಅಕ್ಷರವಾಗಿ ಬಿಡುತ್ತದೆ. ಗುರುತು ಹಿಡಿಯುವುದು ಹೀಗೆ: ಒಂದೇ ಕಾಲಂನಲ್ಲಿ ಕೆಲವು ದಿನಾಂಕ ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿರುತ್ತವೆ. ಎಕ್ಸೆಲ್‌ಗಾದರೆ ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್, ಲ್ಯಾಂಗ್ವೇಜ್ ಅಂಡ್ ರೀಜನ್ ಒಳಗೆ ರೀಜನಲ್ ಫಾರ್ಮ್ಯಾಟನ್ನು ಇಂಗ್ಲಿಷ್ ಇಂಡಿಯಾ ಎಂದು ಬದಲಿಸಿ. ಈಗಾಗಲೇ ತಪ್ಪಾಗಿ ಕೂತ ದಿನಾಂಕಗಳು ತಾವಾಗಿ ಸರಿಯಾಗುವುದಿಲ್ಲ, ಅವನ್ನು ಮತ್ತೆ ಹೊಡೆಯಬೇಕು.

ಸರಾಸರಿಗೆ ಸೂತ್ರ ಬಾಯಿಪಾಠ ಬೇಕಿಲ್ಲ. "ಮೇಲಿನದು" ಕಾಲಂನ ಕೊನೆಯ ಅಂಕಿಯ ಕೆಳಗಿನ ಖಾಲಿ ಮನೆ ಒತ್ತಿ, ಮೇಲ್ಪಟ್ಟಿಯಲ್ಲಿರುವ ಸಿಗ್ಮಾ ಗುರುತಿನ ಪಕ್ಕದ ಬಾಣದಿಂದ ಆವರೇಜ್ ಆರಿಸಿ, ಎರಡನೇ ದಿನದಿಂದ ಕೊನೆಯವರೆಗಿನ ಮನೆಗಳ ಮೇಲೆ ಮೌಸ್ ಎಳೆದು ಎಂಟರ್ ಒತ್ತಿ. ಕೆಳಗಿನದಕ್ಕೂ ಹಾಗೆಯೇ. ಷರಾ ಕಾಲಂ ಖಾಲಿ ಬಿಡಬೇಡಿ: ನಿದ್ದೆ ಆಗಲಿಲ್ಲ, ಗುಳಿಗೆ ತಪ್ಪಿತು, ಮಿರ್ಚಿ-ಮಂಡಾಳು ತಿಂದೆ, ಏನಿದ್ದರೂ ಬರೆಯಿರಿ. ಡಾಕ್ಟರು ಅಂಕಿಗಿಂತ ಮೊದಲು ಅದನ್ನೇ ಓದಬಹುದು. ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಪ್ರತಿ ಸಾಲಿಗೂ ಕಂಟ್ರೋಲ್ ಎಸ್ ಒತ್ತುವ ರೂಢಿ ಮಾಡಿಕೊಳ್ಳಿ. ಯು.ಪಿ.ಎಸ್. ಇದ್ದರೂ ಅದು ಕಂಪ್ಯೂಟರನ್ನು ಕ್ರಮವಾಗಿ ಮುಚ್ಚುವಷ್ಟು ಹೊತ್ತಿಗೆ ಮಾತ್ರ.

ದಿನಕ್ಕೆ ಹತ್ತು ಸಲ ಅಳೆಯಬೇಡಿ, ಭಯವೇ ಅಂಕಿಯನ್ನು ಏರಿಸುತ್ತದೆ. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಐದು-ಹತ್ತು ಅಂಕಿ ವ್ಯತ್ಯಾಸ ಸಾಮಾನ್ಯ. ಆದರೆ 180/120 ದಾಟಿ ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಬಲ ಕಳೆದುಕೊಳ್ಳುವುದು ಇದ್ದರೆ 108ಕ್ಕೆ ಫೋನ್ ಮಾಡಿ. ಈ ಲಕ್ಷಣಗಳಿದ್ದರೆ ಬಿ.ಪಿ. ಎಷ್ಟೇ ಇರಲಿ, ಕಾಯಬಾರದು.

ಶುಗರಿನ ಅಂಕಿಗೂ ಅದೇ ಹಾಳೆಯಲ್ಲಿ ಒಂದು ಕಾಲಂ ಸೇರಿಸಬಹುದು. ಊಟದ ನಂತರದ್ದೆಂದರೆ ಮೊದಲ ತುತ್ತಿನಿಂದ ಎರಡು ತಾಸು. ಬೆರಳು ಚುಚ್ಚುವ ಮೊದಲು ಸಾಬೂನು ಹಚ್ಚಿ ತೊಳೆದು ಒರೆಸಿ. ಮಾವಿನಹಣ್ಣು ಸುಲಿದ ಕೈಯಲ್ಲೇ ನೋಡಿದರೆ ಹಣ್ಣಿನ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ. ಸ್ಟ್ರಿಪ್ ಡಬ್ಬಿಯ ಮೇಲೆ ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಇಡಿ ಎಂದಿರುತ್ತದೆ. ನಮ್ಮಲ್ಲಿ ಬೇಸಿಗೆಯಲ್ಲಿ 40 ದಾಟುವುದರಿಂದ ಕಿಟಕಿ ಪಕ್ಕ, ಬಿಸಿಯಾದ ಮಾನಿಟರ್ ಹಿಂದೆ, ಸ್ಕೂಟರ್ ಡಿಕ್ಕಿಯಲ್ಲಿ ಇಡಬೇಡಿ. ಮನೆಯ ತಂಪಾದ ಒಳಕೋಣೆಯಲ್ಲಿ, ಮುಚ್ಚಳ ಬಿಗಿದು ಇಡಿ. ಫ್ರಿಜ್ಜಿನ ತೇವ ಅದಕ್ಕೆ ಆಗದು.

ಕೊನೆಗೆ ಆ ಕೆಂಪು ಎಚ್ಚರಿಕೆ. "ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ" ಎಂದು ಪರದೆ ತುಂಬ ಕಿರುಚುವುದು ಒಂದು ವೆಬ್ ಪುಟ ಅಷ್ಟೇ, ನಿಮ್ಮ ಕಂಪ್ಯೂಟರಿಗೆ ಏನೂ ಆಗಿರುವುದಿಲ್ಲ. ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ಎಸ್ಕೇಪ್ ಕೀಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ, ಪುಟ ಚಿಕ್ಕದಾದರೆ ಮುಚ್ಚಿ. ಆಗದಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ತೆರೆದು, ಬ್ರೌಸರಿನ ಹೆಸರು ಆರಿಸಿ ಎಂಡ್ ಟಾಸ್ಕ್ ಕೊಡಿ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ತೆರೆಯಲೇ ಎಂದು ಕೇಳಿದರೆ ಬೇಡ ಎನ್ನಿ. ಯಾರದೋ ಮಾತು ಕೇಳಿ ಅವರು ಹೇಳಿದ ಆಪ್ ಹಾಕಿಕೊಂಡಿದ್ದರೆ ಅಥವಾ ಒ.ಟಿ.ಪಿ. ಕೊಟ್ಟಿದ್ದರೆ, ಮೊದಲು ಇಂಟರ್‌ನೆಟ್ ತಂತಿ ಕಿತ್ತು, ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಕ್ಷಣ ಫೋನ್ ಮಾಡಿ. ಇಂಥ ಗಾಬರಿಯಾದ ಕೂಡಲೇ ಬಿ.ಪಿ. ನೋಡಿಕೊಳ್ಳಬೇಡಿ. ಅರ್ಧ ತಾಸು ಸುಮ್ಮನಿದ್ದು ಅಳೆಯಿರಿ, ಷರಾ ಕಾಲಂನಲ್ಲಿ ಕಾರಣ ಬರೆಯಿರಿ.