ಪ್ರೇಮಚಿತ್ರದಲ್ಲಿ ಸೆಳೆತವು ನಡೆಯಾಗುವುದು ಯಾವ ಕ್ಷಣದಲ್ಲಿ?

ರಿಚರ್ಡ್ ಲಿಂಕ್‌ಲೇಟರ್ ನಿರ್ದೇಶನದ 'ಬಿಫೋರ್ ಸನ್‌ರೈಸ್' (1995) ನೋಡಿದ ರಾತ್ರಿಯಿಂದ ನಿಮಗೂ ನಿಮ್ಮ ಗೆಳತಿಯರಿಗೂ ವಾದ ನಡೆದಿದೆ ಎಂದು ಬರೆದಿದ್ದೀರಿ. ರೈಲಿನಲ್ಲಿ ಪರಿಚಯವಾಗಿ ವಿಯೆನ್ನಾದಲ್ಲಿ ಒಟ್ಟಿಗೆ ಇಳಿಯುವ ಜೆಸ್ಸಿ ಮತ್ತು ಸೆಲೀನರ ನಡುವಿನ ಸೆಳೆತವು ನಡೆಯಾಗಿ, ಅಂದರೆ ಇಟ್ಟ ಹೆಜ್ಜೆಯಾಗಿ, ಮಾರ್ಪಡುವುದು ಟ್ರಾಮಿನಲ್ಲಿ ಅವನ ಕೈ ಅವಳ ಕೂದಲಿನ ಕಡೆಗೆ ಹೋದಾಗಲೋ, ಹಾಡಿನ ತಟ್ಟೆಗಳ ಅಂಗಡಿಯ ಕಿರಿದಾದ ಕೋಣೆಯಲ್ಲೋ, ಅಥವಾ ದೊಡ್ಡ ಚಕ್ರದ ತೊಟ್ಟಿಲಲ್ಲಿ ಮುತ್ತಿಟ್ಟಾಗಲೋ ಎಂಬುದು ನಿಮ್ಮ ಪ್ರಶ್ನೆ. ನನ್ನ ಮಟ್ಟಿಗೆ ಈ ಮೂರೂ ಅಲ್ಲ. ಸೆಲೀನ್ ತನ್ನ ಚೀಲವನ್ನು ಎತ್ತಿಕೊಂಡು ವಿಯೆನ್ನಾದಲ್ಲಿ ರೈಲಿನಿಂದ ಇಳಿದಾಗಲೇ ಅದು ನಡೆದುಹೋಗಿದೆ.

ಇದನ್ನು ಅಳೆಯಲು ನಮ್ಮ ಧಾರವಾಡದ ಕಡೆ ಒಂದು ಒಳ್ಳೆಯ ಅಳತೆಗೋಲಿದೆ: 'ಹಂಗ ಸುಮ್ನ' ಎಂಬ ಮಾತು. ಯಾಕೆ ಬಂದೆ, ಯಾಕೆ ನೋಡಿದೆ, ಯಾಕೆ ಇಷ್ಟು ಹೊತ್ತು ನಿಂತೆ ಎಂದು ಯಾರಾದರೂ ಕೇಳಿದಾಗ 'ಹಂಗ ಸುಮ್ನ' ಎಂದು ಹೇಳಿ ಪಾರಾಗಲು ಬರುವವರೆಗೆ ಅದು ಸೆಳೆತ. ಆ ಮಾತು ಬಾಯಿಗೆ ಬಂದರೂ ಕೇಳಿದವರು ನಂಬುವುದಿಲ್ಲ ಎಂದು ನಮಗೇ ಗೊತ್ತಾಗುವ ಕ್ಷಣದಿಂದ ಅದು ನಡೆ. ನಾನು ಇದನ್ನು ಸಿನಿಮಾ ನೋಡಿ ಕಲಿತದ್ದಲ್ಲ. ಹುಬ್ಬಳ್ಳಿ-ಧಾರವಾಡದ ನಡುವಿನ ಚಿಗರಿ ಬಸ್ಸುಗಳು ಇನ್ನೂ ಬಂದಿರದ ಕಾಲದಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದುತ್ತ ಸಪ್ತಾಪುರದ ಒಂದು ಬಾಡಿಗೆ ಕೋಣೆಯಲ್ಲಿದ್ದ ನಾನು, ವಾರಕ್ಕೆ ಮೂರು ನಾಲ್ಕು ಸಂಜೆ ಯಾವ ಕೆಲಸವೂ ಇಲ್ಲದೆ ಹುಬ್ಬಳ್ಳಿಯ ಬಸ್ಸು ಹತ್ತುತ್ತಿದ್ದೆ. ನನ್ನ ತರಗತಿಯ ಒಬ್ಬಳು ಅದೇ ಬಸ್ಸಿನಲ್ಲಿ ಮನೆಗೆ ಹೋಗುತ್ತಿದ್ದಳು ಎಂಬುದೊಂದೇ ಅದಕ್ಕೆ ಕಾರಣ. ಕೋಣೆಯ ಗೆಳೆಯ ಕೇಳಿದರೆ ದುರ್ಗದಬೈಲಿನ ಗಿರ್ಮಿಟ್ಟು ತಿನ್ನಬೇಕೆನಿಸಿತು ಎನ್ನುತ್ತಿದ್ದೆ, ಇಲ್ಲವೇ ಹಂಗ ಸುಮ್ನ ಎನ್ನುತ್ತಿದ್ದೆ. ಅವಳು ದಾರಿಯ ನಡುವಿನ ನವನಗರದಲ್ಲಿ ಇಳಿಯುತ್ತಿದ್ದಳು. ನನ್ನ ಟಿಕೇಟು ಯಾವಾಗಲೂ ಹುಬ್ಬಳ್ಳಿಯವರೆಗೆ ಇರುತ್ತಿತ್ತು. ನವನಗರದಲ್ಲಿ ನನಗೆ ಬಂಧುಗಳಿರಲಿಲ್ಲ, ಗಿರ್ಮಿಟ್ಟಿನ ನೆಪವೂ ಅಲ್ಲಿ ನಡೆಯುತ್ತಿರಲಿಲ್ಲ, ಆದ್ದರಿಂದ ಎರಡು ವರ್ಷಗಳಲ್ಲಿ ಒಮ್ಮೆಯೂ ಅಲ್ಲಿ ಇಳಿಯಲಿಲ್ಲ.

ಈಗ ಆ ರೈಲಿಗೆ ಬನ್ನಿ. ಬುಡಾಪೆಸ್ಟಿನಲ್ಲಿ ಅಜ್ಜಿಯನ್ನು ಕಂಡು ಪ್ಯಾರಿಸಿಗೆ ಮರಳುತ್ತಿರುವ ಸೆಲೀನ್ ತನ್ನ ಆಸನವನ್ನು ಬಿಟ್ಟು ಜೆಸ್ಸಿಯ ಸಮೀಪ ಬಂದು ಕೂರುವುದು ಪಕ್ಕದ ಗಂಡಹೆಂಡಿರ ಜಗಳ ಕಿವಿಗೆ ಬಡಿಯುತ್ತಿದ್ದುದರಿಂದ. ಅಲ್ಲಿ ನೆಪ ಗಟ್ಟಿಯಾಗಿದೆ. ರೈಲಿನ ಊಟದ ಬೋಗಿಯಲ್ಲಿ ಮಾತಿಗೆ ಕೂರುವುದಕ್ಕೂ ನೆಪವುಂಟು, ಪ್ರಯಾಣದಲ್ಲಿ ಹೊತ್ತು ಹೋಗಬೇಕಲ್ಲ. ವಿಯೆನ್ನಾದಲ್ಲಿ ಇಳಿದು ಮರುದಿನದ ವಿಮಾನ ಹಿಡಿಯಬೇಕಾದ ಜೆಸ್ಸಿ ನೀನೂ ಇಳಿ ಎಂದು ಕೇಳುವಾಗ ಅವಳ ಕೈಗೆ ಒಂದು ಸೊಗಸಾದ ನೆಪವನ್ನೂ ಕೊಡುತ್ತಾನೆ: ಎಷ್ಟೋ ವರ್ಷಗಳ ಬಳಿಕ ಮದುವೆ ಸಪ್ಪೆಯಾದಾಗ ಕೈಬಿಟ್ಟ ಗಂಡಸರನ್ನೆಲ್ಲ ನೆನೆದು ಕೊರಗುವುದರ ಬದಲು ಅವರಲ್ಲೊಬ್ಬನಾದ ನನ್ನನ್ನು ಈಗಲೇ ಪರೀಕ್ಷಿಸಿ ನೋಡು, ಕಳೆದುಕೊಂಡದ್ದೇನೂ ಇಲ್ಲವೆಂದು ಗೊತ್ತಾಗುತ್ತದೆ ಎಂದು. ಈ ನೆಪವನ್ನು ನಂಬಿಯೇ ನಿಮ್ಮ ಗೆಳತಿಯೊಬ್ಬರು ಅವಳು ಇಳಿದದ್ದು ಬರಿಯ ಕುತೂಹಲದಿಂದ ಎನ್ನುತ್ತಾರೆ. ಕುತೂಹಲವೇ ಇರಲಿ, ನಡೆಯನ್ನು ಅದರ ಹಿಂದಿನ ಭಾವದ ಹೆಸರಿನಿಂದ ತೂಗಬಾರದು. ರೈಲು ಹೋಗಿಬಿಡುತ್ತದೆ, ಪ್ಯಾರಿಸಿನಲ್ಲಿ ತಡವಾದದ್ದೇಕೆ ಎಂದು ಕೇಳಿದವರಿಗೆ 'ಹಂಗ ಸುಮ್ನ' ಎನ್ನಲು ಬರುವುದಿಲ್ಲ. (ನಮ್ಮ ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮು 1,507 ಮೀಟರ್ ಉದ್ದವಿದ್ದು ಜಗತ್ತಿನಲ್ಲೇ ಅತಿ ಉದ್ದದ್ದೆನಿಸಿದೆ, ಅಲ್ಲಿ ಇಳಿದಿದ್ದರೆ ಹೊರಬರುವಷ್ಟರಲ್ಲಿ ಎರಡು ಸಲ ಮನಸ್ಸು ಬದಲಾಯಿಸಬಹುದಿತ್ತು.) ಚಿತ್ರವೂ ನನ್ನ ಪಕ್ಷವೇ. ಮುಂದೆ ಕೆಫೆಯಲ್ಲಿ ಇಬ್ಬರೂ ಕೈಯನ್ನೇ ಫೋನು ಮಾಡಿಕೊಂಡು ತಂತಮ್ಮ ಗೆಳೆಯರೊಂದಿಗೆ ಮಾತಾಡುವ ಆಟ ಆಡುವಾಗ, ಸ್ವಲ್ಪ ಹೊತ್ತು ಮಾತಾಡಿದ ಮೇಲೆಯೇ ಅವನೊಡನೆ ಇಳಿಯಲು ತಾನು ಸಿದ್ಧಳಾಗಿದ್ದೆ ಎಂದು ಸೆಲೀನ್ ಒಪ್ಪಿಕೊಳ್ಳುತ್ತಾಳೆ.

ಹಾಡಿನಂಗಡಿಯ ದೃಶ್ಯವನ್ನು ನಾನು ಕಡೆಗಣಿಸುತ್ತಿಲ್ಲ. ಇಡೀ ಚಿತ್ರದಲ್ಲಿ ಅದಕ್ಕಿಂತ ಚೆಲುವಾದದ್ದಿಲ್ಲ. ಕ್ಯಾಥ್ ಬ್ಲೂಮಳ ಹಾಡು ನಡೆದಿರುವಷ್ಟು ಹೊತ್ತು ಕ್ಯಾಮೆರಾ ಕದಲುವುದಿಲ್ಲ, ನಡುವೆ ಕತ್ತರಿಯೂ ಬೀಳುವುದಿಲ್ಲ. ಅವನು ನೋಡಿದಾಗ ಅವಳು ಬೇರೆಡೆ ನೋಡುತ್ತಿರುತ್ತಾಳೆ, ಅವಳು ತಿರುಗುವಷ್ಟರಲ್ಲಿ ಅವನ ಕಣ್ಣು ಜಾರಿರುತ್ತದೆ. ಇಬ್ಬರ ನೋಟವನ್ನೂ ಪೂರ್ತಿಯಾಗಿ ಕಂಡವರು ನೋಡುಗರು ಮಾತ್ರ. ಅದಕ್ಕೇ ಅದು ಸೆಳೆತ. ಸಿಕ್ಕಿಬಿದ್ದರೆ ಗೋಡೆಯನ್ನು ನೋಡುತ್ತಿದ್ದೆ ಎನ್ನಬಹುದು. ಟ್ರಾಮಿನಲ್ಲಿ ಅವಳ ಮುಖದ ಮೇಲಿನ ಕೂದಲನ್ನು ಸರಿಸಲು ಹೊರಟ ಕೈಯೂ ಅವಳು ತಿರುಗಿದೊಡನೆ ಹಿಂದಕ್ಕೆ ಸರಿದು, ಏನೂ ಆಗದಂತೆ ತನ್ನ ಜಾಗದಲ್ಲಿ ಕೂತುಬಿಡುತ್ತದೆ.

ಇನ್ನು ಮುತ್ತು. 1897ರಲ್ಲಿ ಕಟ್ಟಿದ, ಸುಮಾರು 65 ಮೀಟರ್ ಎತ್ತರದ ಆ ಚಕ್ರದ ಮೇಲೆ, ಸೂರ್ಯ ಮುಳುಗುವ ಹೊತ್ತಿನಲ್ಲಿ, ಜೆಸ್ಸಿ ತಡವರಿಸುತ್ತಾನೆ; ನನಗೆ ಮುತ್ತಿಡಬೇಕೆಂದು ಹೇಳಲು ಹೊರಟಿದ್ದೀಯಾ ಎಂದು ಕೇಳಿ ಕೆಲಸವನ್ನು ಹಗುರ ಮಾಡುವವಳು ಅವಳು. ಅದು ವೀಳ್ಯಶಾಸ್ತ್ರವಿದ್ದ ಹಾಗೆ. ಎಲೆ ಅಡಿಕೆ ಬದಲಾಯಿಸುವಷ್ಟರಲ್ಲಿ ಎರಡೂ ಕಡೆಯವರ ಮಾತು ಎಂದೋ ಮುಗಿದಿರುತ್ತದೆ.

ಇದು ವಿದೇಶದ ಚಿತ್ರಕ್ಕೆ ಮಾತ್ರ ಸಲ್ಲುವ ಲೆಕ್ಕವೇ ಎಂದು ಅನುಮಾನವಿದ್ದರೆ 2006ರ 'ಮುಂಗಾರು ಮಳೆ'ಯನ್ನು ನೆನಪಿಸಿಕೊಳ್ಳಿ. ಪ್ರೀತಂ ನಂದಿನಿಯ ಹೃದಯದಾಕಾರದ ಕೈಗಡಿಯಾರವನ್ನು ತನ್ನ ಬಳಿ ಇಟ್ಟುಕೊಂಡದ್ದು ಸೆಳೆತ, ಅವಳ ಮದುವೆ ಗೊತ್ತಾಗಿದೆಯೆಂದು ತಿಳಿದು ಅದನ್ನು ಎಸೆದದ್ದು ಸೆಳೆತವನ್ನು ಅದುಮಿದ್ದು. ಅವಳು ಫೋನಿನಲ್ಲಿ ಕೆಣಕಿದ ಮೇಲೆ ಎಸೆದದ್ದನ್ನು ಹುಡುಕುತ್ತ ಹೊರಟನಲ್ಲ, ನಡೆ ಎಂಬುದು ಅಲ್ಲಿದೆ. ಅಲ್ಲಿ ಯಾರೂ ಯಾರನ್ನೂ ಮುಟ್ಟಿಲ್ಲ, ಆದರೆ ಬಿಸಾಕಿದ ವಸ್ತುವನ್ನು ಯಾರೂ ಸುಮ್ಮನೆ ಹುಡುಕುವುದಿಲ್ಲ.

ನನ್ನ ಅಳತೆಗೋಲು ತಡವರಿಸುವ ಜಾಗವೂ ಒಂದಿದೆ. 2004ರ 'ಬಿಫೋರ್ ಸನ್‌ಸೆಟ್'ನಲ್ಲಿ, ಒಂಬತ್ತು ವರ್ಷಗಳ ಮೇಲೆ ಮತ್ತೆ ಭೇಟಿಯಾದ ಇಬ್ಬರೂ ಪ್ಯಾರಿಸಿನ ಕಾರಿನ ಹಿಂದಿನ ಆಸನದಲ್ಲಿ ಕೂತಿರುವಾಗ, ಜೆಸ್ಸಿ ಮುಖ ತಿರುಗಿಸಿಕೊಂಡು ತನ್ನ ಬದುಕಿನ ಸಂಕಟವನ್ನು ಹೇಳುತ್ತಿರುವಂತೆ ಸೆಲೀನಳ ಕೈ ಅವನ ತಲೆಯ ಕಡೆಗೆ ಚಾಚಿ, ತಲುಪುವ ಮೊದಲೇ ಮರಳುತ್ತದೆ. ಅವನು ಅದನ್ನು ನೋಡಲಿಲ್ಲ. ಟ್ರಾಮಿನ ಕೈಯನ್ನು ಸೆಳೆತದ ಕಡೆ ಹಾಕಿದ ಮೇಲೆ ಇದನ್ನೂ ಅಲ್ಲೇ ಹಾಕಬೇಕು, ಆದರೆ ಪ್ರತಿ ಸಲ ನೋಡಿದಾಗಲೂ ನನಗೆ ಹಾಗೆ ಹಾಕಲು ಮನಸ್ಸು ಬಂದಿಲ್ಲ. ಮುಂದಿನ ವಾದಕ್ಕೆ ಕೂರುವ ಮೊದಲು ನಿಮ್ಮ ಗೆಳತಿಯರಿಗೆ ಆ ದೃಶ್ಯವನ್ನು ತೋರಿಸಿ.