ಒಪ್ಪಿ ಹೋದ ಕೆಲಸ, ಹೇಳದೆ ಬಿಟ್ಟ ಕೆಲಸ: ಒಬ್ಬ ಸ್ವಯಂಸೇವಕಿಯ ಪ್ರಕರಣ

ಈ ಪ್ರಕರಣವನ್ನು ಬರೆಯಲು ಆ ಯುವತಿಯ ಒಪ್ಪಿಗೆ ಪಡೆದಿದ್ದೇನೆ. ಊರು, ವಯಸ್ಸು ಮತ್ತು ಸಂಸ್ಥೆಗೆ ಸಂಬಂಧಿಸಿದ ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಆಕೆಯ ತೊಂದರೆಯ ಸ್ವರೂಪವನ್ನೂ ನಾನು ಕೊಟ್ಟ ಸಲಹೆಯನ್ನೂ ಇದ್ದ ಹಾಗೆಯೇ ಬರೆದಿದ್ದೇನೆ.

ಫೆಬ್ರವರಿಯ ಒಂದು ಮಧ್ಯಾಹ್ನ ಆಕೆ ಶಿವಮೊಗ್ಗದ ನನ್ನ ಆಪ್ತಸಲಹೆಯ ಕೊಠಡಿಗೆ ಬಂದರು. ವಯಸ್ಸು 24, ಪದವಿ ಮುಗಿದಿತ್ತು, ಬಿ.ಇಡಿ.ಗೆ ಸೇರುವ ಆಲೋಚನೆಯಿತ್ತು. ರಾತ್ರಿ ನಿದ್ದೆ ಬರುವುದಿಲ್ಲ, ಫೋನ್ ರಿಂಗಾದರೆ ಎದೆ ಡವಡವ ಎನ್ನುತ್ತದೆ, ಊಟ ಸೇರುವುದಿಲ್ಲ ಎಂಬುದು ಅವರು ಹೇಳಿಕೊಂಡ ತೊಂದರೆ. ಕುಳಿತ ಕೂಡಲೇ ಫೋನನ್ನು ಮೇಜಿನ ಮೇಲೆ ಕವುಚಿಟ್ಟು, ಅದರ ಮೇಲೆ ಕೈಚೀಲ ಇಟ್ಟರು. ನಮ್ಮ ಮೊದಲ ಮಾತುಕತೆಯ ಹೊತ್ತಿನಲ್ಲಿ ಅದು ಮೂರು ಸಲ ಗುಂಯ್‌ಗುಟ್ಟಿತು. ಮೂರು ಸಲವೂ ಅವರು ಮಾತು ನಿಲ್ಲಿಸಿ, ವೇಲಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು, ಸದ್ದು ನಿಂತ ಮೇಲೆಯೇ ಮುಂದುವರಿಸಿದರು.

ಹಿಂದಿನ ಜೂನ್‌ನಲ್ಲಿ ಆಕೆ ಹೊಸನಗರದ ಕಡೆಯ ಒಂದು ಸಣ್ಣ ಸೇವಾ ಸಂಸ್ಥೆಗೆ ಸ್ವಯಂಸೇವಕಿಯಾಗಿ ಸೇರಿದ್ದರು. ಕಾಡಂಚಿನ ಹಳ್ಳಿಗಳ ಮಕ್ಕಳಿಗೆ ಸಂಜೆ ಪಾಠ ಹೇಳುವುದು ಒಪ್ಪಿಕೊಂಡ ಕೆಲಸ. ವಾರಕ್ಕೆ ಮೂರು ದಿನ, ಆರು ತಿಂಗಳು, ಬಸ್ ಖರ್ಚು ಸಂಸ್ಥೆಯದು ಎಂದು ಬಾಯಿಮಾತಿನಲ್ಲಿ ತೀರ್ಮಾನವಾಗಿತ್ತು. ಆಗಸ್ಟ್ ಹೊತ್ತಿಗೆ ಮೂರು ದಿನ ಆರಾಯಿತು. ದಸರಾ ರಜೆ ಕಳೆಯುವಷ್ಟರಲ್ಲಿ ಹಾಜರಿ ಪುಸ್ತಕ, ದಾನಿಗಳಿಗೆ ಕಳಿಸುವ ವರದಿ, ಕೇಂದ್ರದ ಬೀಗದ ಕೈ, ಮನೆ ಮನೆ ಸಮೀಕ್ಷೆ ಎಲ್ಲವೂ ಒಂದೊಂದಾಗಿ ಆಕೆಯ ಪಾಲಿಗೆ ಬಂದವು. ಬೇಡವೆಂದು ಹೇಳಲು ಆಕೆಗೆ ಬಾಯಿ ಬರಲಿಲ್ಲ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದರೂ ಆ ದಾರಿಯಲ್ಲಿ ಓಡಾಡುವುದು ಖಾಸಗಿ ಬಸ್ಸುಗಳೇ ಆದ್ದರಿಂದ, ಟಿಕೆಟ್ ದುಡ್ಡು ಮನೆಯಿಂದಲೇ ಹೋಗುತ್ತಿತ್ತು. ಎರಡನೆಯ ಭೇಟಿಗೆ ಬರುವಾಗ ಆ ಟಿಕೆಟ್‌ಗಳನ್ನು ತಂದಿದ್ದರು: ಹಳೆಯ ನೋಟ್‌ಪುಸ್ತಕದ ಒಂದೊಂದು ಹಾಳೆಗೆ ಒಂದೊಂದು ವಾರದವನ್ನು ಗುಂಡುಸೂಜಿಯಲ್ಲಿ ಚುಚ್ಚಿ, ಕೆಳಗೆ ಮೊತ್ತ ಬರೆದು, ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದ ಪುಸ್ತಕ.

ಡಿಸೆಂಬರ್‌ನಲ್ಲಿ ಮನೆಯಲ್ಲಿ ಅಡಿಕೆ ಕೊಯ್ಲು ಬಂತು. ತಾಯಿ ಒಬ್ಬರೇ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರವರೆಗೆ ಕುಳಿತಿರುವುದನ್ನು ನೋಡಲಾರದೆ ಆಕೆ ಎರಡು ವಾರ ಬಿಡುವು ಕೇಳಿದರು. 'ಸೇವೆಗೆಂದು ಬಂದವರು ಹೀಗೆ ಲೆಕ್ಕ ಹಾಕುತ್ತಾ ಕೂತರೆ ಮಕ್ಕಳ ಗತಿ ಏನಮ್ಮ' ಎಂದು ಕಾರ್ಯದರ್ಶಿಗಳು ಹೇಳಿದರು. ಮರುದಿನದಿಂದ ಆಕೆ ಹೋಗಲಿಲ್ಲ, ಫೋನ್ ಎತ್ತಲಿಲ್ಲ. ಬೀಗದ ಕೈ, ಹಾಜರಿ ಪುಸ್ತಕ, ಮಕ್ಕಳ ಫೋಟೋಗಳು ಆಕೆಯ ಬಳಿಯೇ ಉಳಿದವು. ಬಿ.ಇಡಿ. ಅರ್ಜಿಯ ಜೊತೆ ಇಡಬೇಕೆಂದಿದ್ದ ಅನುಭವ ಪತ್ರವನ್ನು ಕೇಳುವ ಧೈರ್ಯವೂ ಉಳಿಯಲಿಲ್ಲ. 'ನಾನು ಮಕ್ಕಳಿಗೆ ಮೋಸ ಮಾಡಿದೆ ಮೇಡಂ' ಎಂಬ ಮಾತನ್ನು ಮೊದಲ ದಿನವೇ ನಾಲ್ಕು ಬಾರಿ ಆಡಿದರು.

ಆ ಮಾತನ್ನು ಅಲ್ಲಗಳೆಯುವುದು ನನಗೆ ಸುಲಭವಿತ್ತು. ನಿಮ್ಮದೇನೂ ತಪ್ಪಿಲ್ಲ, ತಪ್ಪೆಲ್ಲ ಅವರದೇ ಎಂದರೆ ಒಂದು ರಾತ್ರಿಯ ನಿದ್ದೆ ಬರಬಹುದಿತ್ತು. ಆದರೆ ಆಕೆಯ ಅಳುಕಿನೊಳಗೆ ಎರಡು ಬೇರೆ ಬೇರೆ ಸಂಗತಿಗಳು ಸಿಕ್ಕುಹಾಕಿಕೊಂಡಿದ್ದವು. ಬಿಡುವು ಕೇಳಿದ್ದಕ್ಕೆ ಪಟ್ಟ ನಾಚಿಕೆ ಒಂದು, ಹೇಳದೆ ಬಿಟ್ಟು ಬಂದದ್ದಕ್ಕೆ ಪಟ್ಟ ನೋವು ಇನ್ನೊಂದು. ಮೊದಲನೆಯದಕ್ಕೆ ಆಧಾರವಿರಲಿಲ್ಲ. ಎರಡನೆಯದಕ್ಕೆ ಇತ್ತು. ಇವೆರಡನ್ನೂ ಬಿಡಿಸಿ ಇಡದೆ ಆಕೆಗೆ ಸಮಾಧಾನ ಸಿಗುವುದಿಲ್ಲ ಎಂದು ನನಗೆ ಅನ್ನಿಸಿತು.

ಇದಕ್ಕೆ ನಾನು ಆಕೆಯ ಮನೆಯ ಗದ್ದೆಯಿಂದಲೇ ಮಾತು ಆರಂಭಿಸಿದೆ. ಮಲೆನಾಡಿನವರಿಗೆ ಮುಯ್ಯಾಳು ಎಂದರೆ ವಿವರಿಸಬೇಕಿಲ್ಲ. ನಾಟಿಯ ದಿನ ನಾನು ನಿಮ್ಮ ಗದ್ದೆಗೆ, ಇನ್ನೊಂದು ದಿನ ನೀವು ನನ್ನ ಗದ್ದೆಗೆ. ಅಲ್ಲಿ ಕೂಲಿಯ ಮಾತಿಲ್ಲ, ಆದರೆ ಲೆಕ್ಕ ಖಂಡಿತ ಇದೆ: ಎಷ್ಟು ದಿನ, ಯಾರ ಮನೆಯಲ್ಲಿ ಊಟ, ಎಷ್ಟು ಹೊತ್ತಿಗೆ ಗದ್ದೆಯಿಂದ ಏಳುವುದು ಎಲ್ಲರಿಗೂ ಗೊತ್ತು. ಆಳಿಗೆ ಕೆಸರಿನಲ್ಲಿ ಕಾಲು ಕೊಯ್ದುಕೊಂಡರೆ ಗದ್ದೆಯವರೇ ನೋಡಿಕೊಳ್ಳುತ್ತಾರೆ. ಬರಲಾಗದಿದ್ದರೆ ಹಿಂದಿನ ದಿನವೇ ಹೇಳಿ ಕಳಿಸಬೇಕು. ಈ ಲೆಕ್ಕ ಇರುವುದರಿಂದಲೇ ಅದು ಬಿಟ್ಟಿ ಚಾಕರಿಯಾಗದೆ ಉಳಿದಿದೆ. ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ನಮ್ಮ ಸಂವಿಧಾನದ 23ನೇ ವಿಧಿ ನಿಷೇಧಿಸಿದೆ. ಸ್ವಯಂಸೇವೆಯಲ್ಲಿ 'ಸ್ವಯಂ' ಎಂಬ ಮಾತು ಮೊದಲು ಬರುತ್ತದೆ, ಆದ್ದರಿಂದ ಸಾಧ್ಯವಿಲ್ಲ ಎನ್ನುವ ಸ್ವಾತಂತ್ರ್ಯ ಹೋದ ಕಡೆ ಸೇವೆಯೂ ಉಳಿಯುವುದಿಲ್ಲ ಎಂದು ಹೇಳಿದೆ. ಆಕೆ ಕಾಲೇಜಿನಲ್ಲಿ ಎನ್ನೆಸ್ಸೆಸ್‌ನಲ್ಲಿ, ಅಂದರೆ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ, ಇದ್ದವರು. 1969ರಲ್ಲಿ ಶುರುವಾದ ಆ ಯೋಜನೆಯಲ್ಲೂ ವಿದ್ಯಾರ್ಥಿಯ ಸೇವೆಗೆ ಎರಡು ವರ್ಷಕ್ಕೆ 240 ಗಂಟೆ ಎಂಬ ಎಣಿಕೆ ಇದೆ ಎಂದು ನೆನಪಿಸಿದಾಗ, ಮೊದಲ ಬಾರಿಗೆ ಆಕೆಯ ಮುಖ ಸ್ವಲ್ಪ ಸಡಿಲವಾಯಿತು.

ಕಾನೂನಿನ ವಿಷಯವನ್ನೂ ತಿಳಿಸಿದೆ. ಸ್ವಯಂಸೇವಕರಿಗೆಂದೇ ಮಾಡಿದ ಸಮಗ್ರ ಕಾನೂನು ನಮ್ಮಲ್ಲಿ ಇಲ್ಲದಿರುವುದರಿಂದ ಮೊದಲೇ ಬರೆದುಕೊಂಡ ಒಪ್ಪಂದಕ್ಕೆ ಬೆಲೆ ಹೆಚ್ಚು. ಹಾಗೆಂದು ರಕ್ಷಣೆ ಏನೂ ಇಲ್ಲವೆಂದಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕಿಯರನ್ನೂ ಉದ್ಯೋಗಿ ಎಂದೇ ಪರಿಗಣಿಸುತ್ತದೆ. ಹತ್ತಕ್ಕಿಂತ ಕಡಿಮೆ ಜನರಿರುವ ಸಂಸ್ಥೆಯಾದರೆ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಅಂಥದ್ದೇನಾದರೂ ನಡೆದಿತ್ತೇ ಎಂದು ನೇರವಾಗಿ ಕೇಳಿದೆ, ಇಲ್ಲವೆಂದರು. ಈ ಪ್ರಶ್ನೆಯನ್ನು ನಾನು ಯಾರನ್ನೂ ಕೇಳದೆ ಬಿಡುವುದಿಲ್ಲ, ಏಕೆಂದರೆ ಕೇಳದಿದ್ದರೆ ಹೇಳಿಕೊಳ್ಳುವವರು ಬಹಳ ಕಡಿಮೆ. ಸಂಸ್ಥೆಯೊಡನೆ ವ್ಯಾಜ್ಯಕ್ಕೆ ಹೋಗುವ ಮನಸ್ಸಿದ್ದರೆ, ಆದಾಯ ಎಷ್ಟೇ ಇರಲಿ ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಸಿಗುತ್ತದೆ ಎಂದೂ ಹೇಳಿದೆ. ಆಕೆಗೆ ವ್ಯಾಜ್ಯ ಬೇಕಿರಲಿಲ್ಲ.

ಅನಂತರ ಹೇಳಿದ್ದು ಕೇಳಲು ಕಷ್ಟವಾದ ಮಾತು. ಬೀಗದ ಕೈಯನ್ನೂ ಪುಸ್ತಕವನ್ನೂ ಇಟ್ಟುಕೊಳ್ಳುವ ಹಕ್ಕು ನಿಮಗಿಲ್ಲ. ಮಕ್ಕಳ ಚಿತ್ರಗಳು, ಯಾರ ಮನೆಯಲ್ಲಿ ಕುಡಿತವಿದೆ, ಯಾರ ತಾಯಿ ಮನೆ ಬಿಟ್ಟು ಹೋಗಿದ್ದಾರೆ ಎಂದು ಸಮೀಕ್ಷೆಯಲ್ಲಿ ಬರೆದುಕೊಂಡ ವಿವರಗಳು ಆ ಮನೆಗಳವರು ನಂಬಿ ಹೇಳಿದಂಥವು. ಅವನ್ನು ಒಪ್ಪಿಸಿ ನಿಮ್ಮ ಫೋನಿನಿಂದ ತೆಗೆದುಹಾಕಬೇಕು. ದಿನವೂ ದಾರಿ ನೋಡಿದ ಮಕ್ಕಳಿಗೆ ಅಕ್ಕ ಯಾಕೆ ಬರುವುದಿಲ್ಲ ಎಂದು ತಿಳಿಯುವ ಹಕ್ಕಿದೆ. ಆಕೆ ಅತ್ತರು. ಅತ್ತು ಮುಗಿದ ಮೇಲೆ, 'ಇದನ್ನೇ ಯಾರಾದರೂ ಹೇಳಲಿ ಅಂತ ಕಾಯ್ತಿದ್ದೆ ಅನ್ನಿಸ್ತದೆ' ಎಂದರು.

ಮೂರನೆಯ ಭೇಟಿಯಲ್ಲಿ ಸಂಸ್ಥೆಗೆ ಒಂದು ಪತ್ರ ಬರೆದೆವು. ಆಕೆ ಮನೆಯಿಂದ ಬರೆದು ತಂದ ಪ್ರತಿಯಲ್ಲಿ 'ಕ್ಷಮಿಸಿ' ಎಂಬ ಪದ ಐದು ಕಡೆ ಇತ್ತು. ಒಂದೊಂದನ್ನೂ ಯಾತಕ್ಕೆ ಎಂದು ಕೇಳುತ್ತಾ ಹೋದೆ. ಬಿಡುವು ಕೇಳಿದ್ದಕ್ಕೆ, ಬಸ್ ಖರ್ಚು ಕೇಳುತ್ತಿರುವುದಕ್ಕೆ, ಪ್ರಮಾಣಪತ್ರ ಕೇಳುತ್ತಿರುವುದಕ್ಕೆ, ಪತ್ರ ಉದ್ದವಾದದ್ದಕ್ಕೆ ಬರೆದ ನಾಲ್ಕನ್ನು ಆಕೆಯೇ ಹೊಡೆದುಹಾಕಿದರು. ಮುನ್ಸೂಚನೆ ಕೊಡದೆ ನಿಂತುಬಿಟ್ಟದ್ದಕ್ಕೆ ಬರೆದ ಒಂದನ್ನು ಉಳಿಸಿಕೊಂಡರು.

ಆಕೆಯ ಕೋರಿಕೆಯಂತೆ, ಇಬ್ಬರ ಒಪ್ಪಿಗೆಯ ಮೇಲೆ, ಕಾರ್ಯದರ್ಶಿಗಳನ್ನೂ ಕೂರಿಸಿಕೊಂಡು ಒಮ್ಮೆ ಮಾತಾಡಿದೆ. ನಿವೃತ್ತ ಮೇಷ್ಟ್ರು, ಸ್ವಂತಕ್ಕೆ ಒಂದು ರೂಪಾಯಿ ತೆಗೆದುಕೊಳ್ಳದೆ ವರ್ಷಗಟ್ಟಲೆ ಆ ಕೇಂದ್ರ ನಡೆಸಿದವರು. ತಾನು ಲೆಕ್ಕವಿಡದೆ ದುಡಿದ ಹಾಗೆಯೇ ಎಲ್ಲರೂ ದುಡಿಯಬೇಕು ಎಂಬುದು ಅವರಿಗೆ ಅತಿ ಸಹಜವಾಗಿ ತೋರಿತ್ತು. ಅವರಲ್ಲಿ ಕೆಟ್ಟತನವಿರಲಿಲ್ಲ, ಪಿಂಚಣಿ ಬರುವವರ ತ್ಯಾಗಕ್ಕೂ ಅಡಿಕೆ ಫಸಲನ್ನೇ ನೆಚ್ಚಿದ ಮನೆಯ ಮಗಳ ತ್ಯಾಗಕ್ಕೂ ಇರುವ ವ್ಯತ್ಯಾಸ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಟಿಕೆಟ್ ಚುಚ್ಚಿದ ಪುಸ್ತಕವನ್ನು ಅವರು ಬಹಳ ಹೊತ್ತು ಮಗುಚಿ ನೋಡಿದರು. 'ಕೇಳಿದ್ರೆ ಕೊಡ್ತಿದ್ನಲ್ಲಮ್ಮ' ಎಂದರು. ಕೇಳುವ ಹಾಗೆ ನಾವಿರಬೇಕಲ್ಲವೇ ಸರ್ ಎಂದು ನಾನು ಹೇಳಬೇಕಾಯಿತು.

ಅವರಿಗೆ ನಾನು ಒತ್ತಿ ಹೇಳಿದ್ದು ಸುರಕ್ಷತೆಯ ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಗುರುತಿಸಲಾದ ಮಂಗನ ಕಾಯಿಲೆ ಈಗಲೂ ಪ್ರತಿ ವರ್ಷ ಚಳಿಗಾಲದಿಂದ ಬೇಸಿಗೆಯವರೆಗೆ ನಮ್ಮ ಕಾಡಂಚಿನ ಊರುಗಳನ್ನು ಕಾಡುತ್ತದೆ. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಹಬ್ಬಿದ 2019ರ ದಿನಗಳನ್ನು ಜಿಲ್ಲೆಯವರು ಮರೆತಿಲ್ಲ. ಕಾಯಿಲೆ ಹರಡುವ ಉಣ್ಣೆ ಹುಳು ಕಚ್ಚುವ ಆ ಕಾಲದಲ್ಲಿಯೇ ಈ ಹುಡುಗಿಯನ್ನು ತರಗೆಲೆ ತುಂಬಿದ ಕಾಲುದಾರಿಯಲ್ಲಿ ಸಮೀಕ್ಷೆಗೆ ಕಳಿಸಲಾಗಿತ್ತು. ಉಣ್ಣೆ ಕಚ್ಚದಂತೆ ಕೈಕಾಲಿಗೆ ಹಚ್ಚುವ ಡೀಪಾ ಎಣ್ಣೆ ಆರೋಗ್ಯ ಇಲಾಖೆಯಿಂದ ಸಿಗುತ್ತದೆ ಎಂದಾಗಲಿ, ಜ್ವರ ತಲೆನೋವು ಬಂದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕೆಂದಾಗಲಿ ಯಾರೂ ಹೇಳಿರಲಿಲ್ಲ. ತನ್ನ ಹೆಸರಿನಲ್ಲಿ ಒಬ್ಬರನ್ನು ಕಾಡಿನ ದಾರಿಗೆ ಕಳಿಸುವ ಸಂಸ್ಥೆ, ಆ ದಾರಿಯಲ್ಲಿ ಏನಿದೆ ಎಂದು ಮೊದಲು ಹೇಳಬೇಕು. ವರ್ಷಕ್ಕೆ 20 ರೂಪಾಯಿ ಕಂತಿನಲ್ಲಿ 2 ಲಕ್ಷದ ಅಪಘಾತ ವಿಮೆ ಕೊಡುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗಾದರೂ ಪ್ರತಿಯೊಬ್ಬ ಸ್ವಯಂಸೇವಕರನ್ನು ನೋಂದಾಯಿಸಿರಿ ಎಂದೂ ಕೇಳಿಕೊಂಡೆ.

ಉಳಿದದ್ದು ಒಂದೇ ಹಾಳೆಯ ಕೆಲಸ. ಕೆಲಸ ಯಾವುದು, ವಾರಕ್ಕೆ ಎಷ್ಟು ದಿನ, ಖರ್ಚು ಯಾವ ತಾರೀಖಿಗೆ ಕೈಗೆ ಬರುತ್ತದೆ, ಕೊಯ್ಲು, ನಾಟಿ, ಪರೀಕ್ಷೆಗಳಿಗೆ ಬಿಡುವು ಹೇಗೆ, ಬಿಡುವುದಾದರೆ ಎಷ್ಟು ದಿನ ಮೊದಲು ತಿಳಿಸಬೇಕು, ತೊಂದರೆಯಾದರೆ ಕಾರ್ಯದರ್ಶಿಗಳನ್ನು ಬಿಟ್ಟು ಇನ್ನು ಯಾರಿಗೆ ಹೇಳಬಹುದು ಎಂಬುದನ್ನು ಬರೆದು ಎರಡೂ ಕಡೆಯವರು ಸಹಿ ಮಾಡಬೇಕೆಂದು ಸೂಚಿಸಿದೆ. ಮೇಷ್ಟ್ರು ಅದನ್ನು ತಮ್ಮ ಕೈಬರಹದಲ್ಲಿಯೇ ಬರೆದುಕೊಂಡರು. 'ಪಾಠ ಹೇಳುವವರ ಮೇಲೆ ಬೇರೆ ಕೆಲಸ ಹೊರಿಸತಕ್ಕದ್ದಲ್ಲ' ಎಂಬ ಸಾಲನ್ನು ಸೇರಿಸಿದವರು ಆ ಯುವತಿ.

ಮಾರ್ಚ್‌ನ ಒಂದು ಶನಿವಾರ ಆಕೆ ಕೇಂದ್ರಕ್ಕೆ ಹೋಗಿ ಬೀಗದ ಕೈ, ಪುಸ್ತಕ ಒಪ್ಪಿಸಿ, ಮಕ್ಕಳ ಜೊತೆ ಎರಡು ಗಂಟೆ ಕುಳಿತು ಬಂದರು. ಬಸ್ ಖರ್ಚು ಎರಡು ಕಂತಿನಲ್ಲಿ ಬಂತು. ಮಾಡಿದ ಕೆಲಸವನ್ನೂ ಅವಧಿಯನ್ನೂ ಸರಿಯಾಗಿ ನಮೂದಿಸಿದ ಅನುಭವ ಪತ್ರ ಅಂಚೆಯಲ್ಲಿ ಬಂತು. ಆಕೆ ಮತ್ತೆ ಅಲ್ಲಿ ಕೆಲಸಕ್ಕೆ ಸೇರಿಲ್ಲ. ಸೇರಬೇಕೆಂದು ನಾನೂ ಹೇಳಲಿಲ್ಲ. ಕೊನೆಯ ಭೇಟಿಯ ಹೊತ್ತಿಗೆ ನಿದ್ದೆ ಬಹುಮಟ್ಟಿಗೆ ಸರಿಯಾಗಿತ್ತು. ಮಾತಿನ ನಡುವೆ ಫೋನ್ ರಿಂಗಾಯಿತು. ಆಕೆ ಅದನ್ನು ಎತ್ತಿ, 'ಸಂಜೆ ಮಾತಾಡ್ತೀನಿ ಸರ್, ಈಗ ಆಗಲ್ಲ' ಎಂದು ಹೇಳಿ ಚೀಲಕ್ಕೆ ಹಾಕಿಕೊಂಡರು.